ಟಿಪ್ಪಣಿ ಬಿಚ್ಚಿ ತೋರಿಸು

ತಮ್ಮಾ, ನಾನು ಸರಪಳಿ ಎಳೆದು ಹೊಲ ಅಳೆದವನು. 66 ಅಡಿ, 100 ಲಿಂಕು. ಒಂದು ಚದರ ಸರಪಳಿಗೆ 4 ಗುಂಟೆ, ಅಂಥವು ಹತ್ತಾದರೆ ಎಕರೆ. ಅನುಮಾನ ಬಂದ ರೈತ ಬದುವಿನ ಮೇಲೇ ನಿಲ್ಲಿಸಿ ಕೇಳುತ್ತಿದ್ದ. ಅಳತೆಯ ಟಿಪ್ಪಣಿ ಬಿಚ್ಚಿ ತೋರಿಸುವವರೆಗೆ ಬಿಡುತ್ತಿರಲಿಲ್ಲ. ನೀನು ಲ್ಯಾಪ್‌ಟಾಪಿನಲ್ಲಿ ಅಳೆಯುತ್ತೀಯ, ಅಳೆ. ಲೆಕ್ಕ ಬಿಚ್ಚಿ ತೋರಿಸುವ ಗುಣ ಮಾತ್ರ ಬಿಡಬೇಡ.

ಅದಕ್ಕೇ ಕ್ಯೂಜಿಐಎಸ್ ಕಲಿ ಎನ್ನುವುದು. ಅಲಾಸ್ಕಾದ ಗ್ಯಾರಿ ಶೆರ್ಮನ್ 2002ರಲ್ಲಿ ಶುರುಮಾಡಿದ, ನಕ್ಷೆ ಬರೆಯುವ ಮುಕ್ತ ತಂತ್ರಾಂಶ ಅದು. ದುಡ್ಡು ಕೊಡಬೇಕಿಲ್ಲ ಅನ್ನುವುದು ಸಣ್ಣ ಮಾತು. ಅದು ಹೇಗೆ ಅಳೆಯುತ್ತದೆ ಎಂಬುದನ್ನು ಬಲ್ಲವರು ಯಾರು ಬೇಕಾದರೂ ಓದಿ ತಪ್ಪು ಹಿಡಿಯಬಹುದು. ನನ್ನ ಕೊನೆಯ ವರ್ಷಗಳಲ್ಲಿ ಒಂದು ಕಚೇರಿಯಲ್ಲಿ ದುಬಾರಿ ತಂತ್ರಾಂಶದ ಲೈಸೆನ್ಸ್ ಮುಗಿದು, ನಾವೇ ಬರೆದ ನಕ್ಷೆ ನಮಗೇ ತೆರೆಯದೆ ಮೂರು ವಾರ ಟೀ ಕುಡಿದುಕೊಂಡು ಕೂತಿದ್ದೆವು.

ಹಾಗಂತ ಎಲ್ಲವನ್ನೂ ತಂತ್ರಾಂಶದ ಮೇಲೆ ಹೊರಿಸಬೇಡ. ಜಿಪಿಎಸ್ ಕೊಡುವುದು ಅಕ್ಷಾಂಶ-ರೇಖಾಂಶದ ಡಿಗ್ರಿ. ಡಿಗ್ರಿಯನ್ನೇ ಸಮತಟ್ಟು ನೆಲವೆಂದು ಲೆಕ್ಕ ಹಾಕಿದರೆ ವಿಸ್ತೀರ್ಣ ಬರುವುದು ಚದರ ಡಿಗ್ರಿಯಲ್ಲಿ. ಅದನ್ನು ಯಾವ ರೈತನ ಕೈಗೆ ಕೊಡುತ್ತೀಯ? ಮೊದಲು ಆ ಅಳತೆಯ ಪದರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ 43ನೇ ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ, ಬದಲಾಯಿಸಿಕೋ. ನಮ್ಮ ಕರ್ನಾಟಕದ ಬಹುಪಾಲು ಅದರೊಳಗೇ ಇದೆ. 78 ಡಿಗ್ರಿ ರೇಖಾಂಶ ದಾಟಿದ ಮುಳಬಾಗಿಲಿನ ಕಡೆ ಹೋದೆಯೋ, 44 ಹಿಡಿ.

ಇನ್ನೊಂದು ಮಾತು ಓಪನ್‌ಸ್ಟ್ರೀಟ್‌ಮ್ಯಾಪ್ ಬಗ್ಗೆ. ಎಲ್ಲರೂ ಸೇರಿ ಬರೆಯುವ ನಕ್ಷೆ ಅದು, 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರುಮಾಡಿದ್ದು. 2010ರ ಜನವರಿಯಲ್ಲಿ ಭೂಕಂಪಕ್ಕೆ ಹೈಟಿ ಕುಸಿದಾಗ ಎಲ್ಲೆಲ್ಲಿಯವರೋ ಉಪಗ್ರಹ ಚಿತ್ರ ನೋಡಿ ಪೋರ್ಟ್-ಒ-ಪ್ರಿನ್ಸ್‌ನ ಬೀದಿಗಳನ್ನು ಅದರಲ್ಲಿ ಬರೆದರು. ಆ ನಕ್ಷೆ ಹಿಡಿದು ರಕ್ಷಣಾ ತಂಡಗಳು ಓಡಾಡಿದವು. ಅಂಥ ನಕ್ಷೆಗೆ ಗೂಗಲ್ ನಕ್ಷೆಯಿಂದ ನಕಲು ಇಳಿಸಬೇಡ. ಅದು ಪಕ್ಕದವನ ಬದು ಒತ್ತಿದ ಹಾಗೆ. ನಡೆದು ನೋಡಿ ಬರೆ.

ನಿಮ್ಮೂರ ಕೆರೆಯಿಂದಲೇ ಶುರುಮಾಡು. ತೂಬು ಎಲ್ಲಿ, ಕೋಡಿ ಎಲ್ಲಿ, ಜನ ಏನೆಂದು ಕರೆಯುತ್ತಾರೆ, ನೀರುಗಂಟಿಯನ್ನು ಕೇಳು. ಆ ಹೆಸರನ್ನು ಕನ್ನಡದಲ್ಲೇ ತುಂಬು, ಅದಕ್ಕೆ ಆ ನಕ್ಷೆಯಲ್ಲಿ ಬೇರೆಯೇ ಜಾಗವಿದೆ. ಈ ಭಾನುವಾರವೇ ಹೊರಡು, ಬಿಸಿಲೇರುವ ಮೊದಲು.