ಗಲ್ಲಾ ಜನರ ಅನ್ನದ ಪಾಠ



ನಮಗೆ ಗಲ್ಲಾ ಎಂದರೆ ಕ್ಯಾಶ್ ಕೌಂಟರ್. ಅಮೆರಿಕದ ದಕ್ಷಿಣ ಕೆರೊಲಿನಾ, ಜಾರ್ಜಿಯಾ ಕಡಲತೀರದಲ್ಲಿ ಅದೇ ಹೆಸರಿನ ಜನರಿದ್ದಾರೆ.

ಇವರ ಹಿರಿಯರನ್ನು ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಎಳೆದು ತಂದು ಭತ್ತದ ಗದ್ದೆಗೆ ಹಚ್ಚಿದರು. ಬೇಸಾಯದ ವಿದ್ಯೆ ಇವರದು, ಲಾಭ ಧಣಿಗಳದು. ಆದರೂ ತಮ್ಮ ಅಡುಗೆ ಬಿಡಲಿಲ್ಲ: ಟೊಮೆಟೊ ಹಾಕಿದ ಕೆಂಪನ್ನ, ಅಲಸಂದೆ ಅನ್ನ, ಬೆಂಡೆಕಾಯಿ ಸಾರು.

1956ರಲ್ಲಿ ಹಿಲ್ಟನ್ ಹೆಡ್ ದ್ವೀಪಕ್ಕೆ ಸೇತುವೆ ಆಯಿತು. ರೆಸಾರ್ಟ್‌ಗಳು ಬಂದವು, ಅನೇಕರ ಜಮೀನು ಕೈತಪ್ಪಿತು. ಅಡುಗೆ, ಭಾಷೆಯೂ ಹೋಗಬಾರದೆಂದು ಸೇಂಟ್ ಹೆಲೆನಾ ದ್ವೀಪದ ಪೆನ್ ಸೆಂಟರ್‌ನವರು ನವೆಂಬರ್‌ನಲ್ಲಿ ಹೆರಿಟೇಜ್ ಡೇಸ್ ಹಬ್ಬ ನಡೆಸುತ್ತಾ ಬಂದಿದ್ದಾರೆ.

ನಾವು ಹೊಟ್ಟೆಪಾಡಿಗೆ ನಾವಾಗಿಯೇ ಊರು ಬಿಟ್ಟವರು. ಅವರ ಕಷ್ಟ ನಮಗಿಲ್ಲ. ಆದರೂ ನಮ್ಮ ಮೆನುವಿನ ನೀರುದೋಸೆ ಯಾವ ಸೀಮೆಯದೆಂದು ನಮ್ಮ ಮಕ್ಕಳಿಗೇ ಗೊತ್ತಿಲ್ಲ. ಅಮ್ಮಂದಿರ ಕೈಅಳತೆಯನ್ನು ಅವರಿರುವಾಗಲೇ ಕೇಳಿ ಬರೆದಿಡೋಣ.