ಶ್ರೀರಂಗಪಟ್ಟಣ: ದ್ವೀಪದಲ್ಲಿ ಒಂದು ಊರು ತುಂಬಿದ್ದು, ಖಾಲಿಯಾದದ್ದು

ನಮ್ಮ ಬ್ಯಾಟರಾಯನಪುರದಿಂದ ಬಳ್ಳಾರಿ ರಸ್ತೆ ಹಿಡಿದು, ಹೆಬ್ಬಾಳ ದಾಟಿ ಶಿವಾಜಿನಗರಕ್ಕೆ ಹೋಗದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಕ್ಕಿಲ್ಲ. ಅದು ಹಳೆಯ ದಂಡು ಪ್ರದೇಶ. ಆ ದಂಡಿಗೂ ಕಾವೇರಿ ನದಿಯ ನಡುವೆ ಇರುವ ಶ್ರೀರಂಗಪಟ್ಟಣಕ್ಕೂ ಒಂದು ಲೆಕ್ಕದ ಸಂಬಂಧ ಇದೆ. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬೆಂಗಳೂರಿನ ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಉಳಿಸಿಕೊಂಡರು. ಅದಕ್ಕೆ ಬದಲಾಗಿ ತಮ್ಮ ಒಡೆತನದಲ್ಲಿದ್ದ ಶ್ರೀರಂಗಪಟ್ಟಣ ದ್ವೀಪವನ್ನು ಮೈಸೂರಿಗೆ ಬಿಟ್ಟುಕೊಟ್ಟರು. ಒಂದು ಊರು ಕೊಟ್ಟು ಇನ್ನೊಂದು ಊರು ಪಡೆದ ವ್ಯವಹಾರ ಇದು.

ಎಚ್‌ಇಬಿಎ ಓದುವ ನಮಗೆ ಲೆಕ್ಕಶಾಸ್ತ್ರದ ಮೊದಲ ಪಾಠ ಗೊತ್ತು: ಪ್ರತಿ ವ್ಯವಹಾರಕ್ಕೂ ಎರಡು ಬದಿ ಇರುತ್ತದೆ. ಈ ಲೇಖನದಲ್ಲಿ ಶ್ರೀರಂಗಪಟ್ಟಣದ ಇತಿಹಾಸವನ್ನು ಅದೇ ರೀತಿ, ಎರಡು ಬದಿಯಲ್ಲೂ ನೋಡೋಣ. ರಾಜರು ಮತ್ತು ಯುದ್ಧಗಳ ಕಥೆ ಪಠ್ಯಪುಸ್ತಕದಲ್ಲಿದೆ. ಇಲ್ಲಿ ನೋಡಬೇಕಾದದ್ದು ಎರಡೇ ವಿಷಯ: ಈ ದ್ವೀಪಕ್ಕೆ ಜನ ಎಲ್ಲಿಂದ ಬಂದರು? ಇಲ್ಲಿನ ಕಚೇರಿಗಳು ಹೇಗೆ ನಡೆದವು?

ಜಾಗ ಎಂಥದು?

ಕಾವೇರಿ ಇಲ್ಲಿ ಎರಡಾಗಿ ಒಡೆದು, ಮುಂದೆ ಮತ್ತೆ ಸೇರುತ್ತದೆ. ನಡುವೆ ಉಳಿದ ನೆಲವೇ ದ್ವೀಪ. ಉದ್ದ ಸುಮಾರು ಮೂರು ಮೈಲಿ, ಅಗಲ ಸುಮಾರು ಒಂದು ಮೈಲಿ. ಪಶ್ಚಿಮದ ತುದಿಯಲ್ಲಿ ಕೋಟೆ ಇದೆ. ಕೋಟೆಯೊಳಗೆ ಶ್ರೀರಂಗನಾಥಸ್ವಾಮಿ ದೇವಸ್ಥಾನವೂ ಇದೆ, ಟಿಪ್ಪು ಕಟ್ಟಿಸಿದ ಮಸ್ಜಿದೆ ಆಲಾ ಎಂಬ ಜಾಮಿಯಾ ಮಸೀದಿಯೂ ಇದೆ. ಪೂರ್ವದ ಕಡೆ ಗಂಜಾಂ, ಅದರಾಚೆ ಹೈದರ್ ಅಲಿ, ಫಾತಿಮಾ ಬೇಗಂ ಮತ್ತು ಟಿಪ್ಪು ಮಲಗಿರುವ ಗುಂಬಜ್, ಕೊನೆಗೆ ಸಂಗಮ. ನೀರೇ ಕಂದಕವಾಗಿರುವುದರಿಂದ ಕೋಟೆ ಕಟ್ಟುವವರಿಗೆ ಇದು ಬಹಳ ಅನುಕೂಲದ ಜಾಗವಾಗಿತ್ತು.

ದೇವಸ್ಥಾನದ ಊರು, ನಂತರ ಕೋಟೆಯ ಊರು

ರಂಗನಾಥ ದೇವಸ್ಥಾನವನ್ನು ಗಂಗರ ಕಾಲದಲ್ಲಿ, ಕ್ರಿ.ಶ. 894ರಲ್ಲಿ, ತಿರುಮಲಯ್ಯ ಎಂಬವನು ಕಟ್ಟಿಸಿದನೆಂದು ಪ್ರತೀತಿ. ಕಾವೇರಿಯ ಮೂರು ದ್ವೀಪಗಳಲ್ಲಿ ಮೂರು ರಂಗನಾಥರಿದ್ದಾರೆ. ಶ್ರೀರಂಗಪಟ್ಟಣದ್ದು ಆದಿರಂಗ, ಶಿವನಸಮುದ್ರದ್ದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಹೊಯ್ಸಳ ವಿಷ್ಣುವರ್ಧನನು ರಾಮಾನುಜಾಚಾರ್ಯರಿಗೆ ಇಲ್ಲಿನ ನದಿಯ ಎರಡೂ ಬದಿಯ ಎಂಟು ಊರುಗಳನ್ನು, ಅಂದರೆ ಅಷ್ಟಗ್ರಾಮವನ್ನು ಕೊಟ್ಟನೆಂದು ಹೇಳುತ್ತಾರೆ. ಹೀಗೆ ತಮಿಳು ಮೂಲದ ಶ್ರೀವೈಷ್ಣವರು ಈ ಸೀಮೆಯಲ್ಲಿ ನೆಲೆಸಿದರು. 'ಅಷ್ಟಗ್ರಾಮ' ಎಂಬ ಹೆಸರು ಎಷ್ಟು ಗಟ್ಟಿಯಾಗಿ ಉಳಿಯಿತೆಂದರೆ, ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಕಮಿಷನರರು ಆಳುವಾಗಲೂ ಮೈಸೂರು ಮತ್ತು ಹಾಸನ ಸೇರಿದ ವಿಭಾಗಕ್ಕೆ ಅದೇ ಹೆಸರಿತ್ತು.

1454ರಲ್ಲಿ ನಾಗಮಂಗಲದ ತಿಮ್ಮಣ್ಣ ವಿಜಯನಗರದ ಅನುಮತಿ ಪಡೆದು ಇಲ್ಲಿ ಕೋಟೆ ಕಟ್ಟಿಸಿದನು. ಆಮೇಲೆ ವಿಜಯನಗರದ ಪ್ರತಿನಿಧಿಗಳು ಇಲ್ಲಿ ಕುಳಿತು ಸುತ್ತಲಿನ ಪಾಳೆಯಗಾರರಿಂದ ಕಪ್ಪ ಪಡೆಯುತ್ತಿದ್ದರು. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡು, ಮೈಸೂರಿನಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಒಡೆಯರ ದಸರಾ ಮೊದಲು ನಡೆದದ್ದು ಮೈಸೂರಿನಲ್ಲಲ್ಲ, ಇದೇ ದ್ವೀಪದಲ್ಲಿ.

ಅಠಾರ ಕಚೇರಿ

ಆಡಳಿತದ ದೃಷ್ಟಿಯಿಂದ ಬಹಳ ಮುಖ್ಯವಾದ ಹೆಸರು ಚಿಕ್ಕದೇವರಾಜ ಒಡೆಯರದು (1673–1704). ಅವರ ಮಂತ್ರಿಗಳಲ್ಲಿ ಜೈನರಾದ ವಿಶಾಲಾಕ್ಷ ಪಂಡಿತರೂ, ಶ್ರೀವೈಷ್ಣವರಾದ ತಿರುಮಲಾರ್ಯರೂ ಇದ್ದರು. ಔರಂಗಜೇಬನ ಬಳಿಗೆ ಕಳುಹಿಸಿದ್ದ ರಾಯಭಾರಿಗಳು 1700ರ ಸುಮಾರಿಗೆ ಹಿಂದಿರುಗಿದ ಮೇಲೆ, ಮೊಗಲರ ಮಾದರಿ ನೋಡಿ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ಮಾಡಿದರು. ಅದಕ್ಕೆ ಅಠಾರ ಕಚೇರಿ ಎಂದು ಹೆಸರಾಯಿತು.

ನಮ್ಮ ಮನೆಯಲ್ಲಿ ಉರ್ದು ಮಾತನಾಡುತ್ತೇವೆ. ಉರ್ದುವಿನಲ್ಲಿ ಹದಿನೆಂಟಕ್ಕೆ 'ಅಠಾರಾ' ಎನ್ನುತ್ತೇವೆ. ಹೈದರ್ ಅಲಿ ಹುಟ್ಟುವುದಕ್ಕೂ ಮುಂಚೆ, ಒಡೆಯರ ಅರಮನೆಯಲ್ಲಿ, ಈ ಪದ ಸರ್ಕಾರದ ಹೆಸರಿನಲ್ಲೇ ಸೇರಿತ್ತು. ಆದರೆ ಒಳಗಿನ ಇಲಾಖೆಗಳ ಹೆಸರು ಅಚ್ಚ ಕನ್ನಡ. ಸುಂಕ ವಸೂಲಿಗೆ ಸುಂಕದ ಚಾವಡಿ. ಅಂಚೆ ಮತ್ತು ಗುಟ್ಟಿನ ಸುದ್ದಿಗೆ ಬೇಹಿನ ಚಾವಡಿ. ಅರಮನೆಯ ದನಗಳ ಪಾಲನೆಗೆ ಬೆಣ್ಣೆ ಚಾವಡಿ. ಇದೇ ಮುಂದೆ ಅಮೃತ ಮಹಲ್ ಆಯಿತು. ಬೆಂಗಳೂರಿನಲ್ಲಿ ಹೈಕೋರ್ಟ್ ಇರುವ ಕೆಂಪು ಕಟ್ಟಡಕ್ಕೆ ಹಿರಿಯರು ಈಗಲೂ ಅಠಾರ ಕಚೇರಿ ಎನ್ನುತ್ತಾರಲ್ಲ, ಆ ಹೆಸರಿನ ಮೂಲ ಈ ದ್ವೀಪದಲ್ಲಿದೆ.

ಹೈದರ್ ಮತ್ತು ಟಿಪ್ಪು ಕಾಲದ ಕಚೇರಿಗಳು

1761ರಿಂದ ಅಧಿಕಾರ ಹೈದರ್ ಅಲಿಯವರ ಕೈಗೆ ಬಂತು, 1782ರಲ್ಲಿ ಟಿಪ್ಪು ಸುಲ್ತಾನರಿಗೆ. ಟಿಪ್ಪು ಕಾಲದಲ್ಲಿ ಕಂದಾಯ, ಸೈನ್ಯ, ಕೋಟೆಗಳು, ಖಜಾನೆ, ವ್ಯಾಪಾರ ಎಂದು ದೊಡ್ಡ ಕಚೇರಿಗಳಿದ್ದವು; ಕೊನೆಯ ವರ್ಷಗಳಲ್ಲಿ ಹಡಗುಗಳಿಗೂ ಒಂದು ಕಚೇರಿಯಾಯಿತು. ಲೆಕ್ಕಪತ್ರಗಳನ್ನು ಕನ್ನಡ, ಮರಾಠಿ, ಪಾರಸಿ ಭಾಷೆಗಳಲ್ಲಿ ಇಡುತ್ತಿದ್ದರು. ದಿವಾನ ಮೀರ್ ಸಾದಿಕ್, ಹಣಕಾಸಿನ ವಿಷಯದಲ್ಲಿ ನುರಿತ ಪೂರ್ಣಯ್ಯ, ಜನ 'ಅಂಚೆ ಶಾಮಯ್ಯ' ಎಂದು ಕರೆಯುತ್ತಿದ್ದ ಶಾಮಯ್ಯ ಅಯ್ಯಂಗಾರ್ ಇವರೆಲ್ಲ ಒಂದೇ ಸರ್ಕಾರದ ಅಧಿಕಾರಿಗಳು. ಹಳ್ಳಿ ಮಟ್ಟದಲ್ಲಿ ಪಟೇಲ ಮತ್ತು ಶಾನುಭೋಗರು ಹಿಂದಿನಂತೆಯೇ ಮುಂದುವರಿದರು. ಅಂದರೆ ಮೇಲೆ ಹೆಸರುಗಳು ಬದಲಾದರೂ ಕೆಳಗೆ ಲೆಕ್ಕ ಬರೆಯುವ ಕೈ ಬದಲಾಗಲಿಲ್ಲ.

ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ವ್ಯಾಪಾರದ ಕಚೇರಿಯನ್ನು. ಅದರ ಮುಖ್ಯಸ್ಥರನ್ನು ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯರು ಎನ್ನುತ್ತಿದ್ದರು. ಗಂಧ, ಮೆಣಸು, ಏಲಕ್ಕಿಗಳನ್ನು ಸರ್ಕಾರವೇ ಕೊಂಡು ಮಾರುತ್ತಿತ್ತು. ಕಚ್ ಮತ್ತು ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಗಳಿದ್ದವು. ಈ ವ್ಯಾಪಾರಕ್ಕೆ ಸಾಮಾನ್ಯ ಜನರಿಂದಲೂ ಠೇವಣಿ ಪಡೆಯುವ ನಿಯಮ ಮಾಡಲಾಗಿತ್ತು. 5ರಿಂದ 500 ರೂಪಾಯಿ ಇಟ್ಟವರಿಗೆ ವರ್ಷದ ಕೊನೆಗೆ ಶೇ. 50 ಲಾಭ, 500ರಿಂದ 5000 ಇಟ್ಟವರಿಗೆ ಶೇ. 25, ಅದಕ್ಕಿಂತ ಹೆಚ್ಚು ಇಟ್ಟವರಿಗೆ ಶೇ. 12. ಸಣ್ಣ ಉಳಿತಾಯದವನಿಗೆ ಹೆಚ್ಚು ದರ, ದೊಡ್ಡ ಹಣವಂತನಿಗೆ ಕಡಿಮೆ ದರ. ಷೇರು ಮತ್ತು ಠೇವಣಿಯ ಪಾಠ ಓದುವಾಗ ನಾವು ಯುರೋಪಿನ ಕಂಪನಿಗಳ ಉದಾಹರಣೆಯನ್ನೇ ಓದುತ್ತೇವೆ. ಹದಿನೆಂಟನೇ ಶತಮಾನದಲ್ಲೇ ನಮ್ಮ ನಾಡಿನಲ್ಲಿ ಇಂಥ ನಿಯಮ ಬರೆದಿದ್ದರು ಎಂಬುದೂ ನಮಗೆ ತಿಳಿದಿರಬೇಕು.

ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ದಲ್ಲಾಳಿ, ಖಜಾನೆ: ಇವೆಲ್ಲ ಅರಬ್ಬಿ, ಪಾರಸಿಯಿಂದ ಬಂದು ಕನ್ನಡವೇ ಆಗಿಹೋದ ಪದಗಳು. ಇವೆಲ್ಲವೂ ಶ್ರೀರಂಗಪಟ್ಟಣದಿಂದಲೇ ಬಂದವು ಎನ್ನಲಾಗದು. ಬಿಜಾಪುರ, ಮರಾಠರು, ಶಿರಾದ ಮೊಗಲರು ಎಲ್ಲರ ಪಾಲೂ ಇದೆ. ಆದರೆ ಈ ಪದಗಳು ನಮ್ಮ ನಾಡಿನ ಕಡತಗಳಲ್ಲಿ ಬೇರೂರಿದ್ದು ಇಂಥ ಕಚೇರಿಗಳಲ್ಲೇ. ನಮ್ಮ ತರಗತಿಯಲ್ಲಿ ಕನ್ನಡ ಕಷ್ಟ ಎನ್ನುವ ಉರ್ದು ಮನೆಯ ಗೆಳೆಯರು ಈ ಪಟ್ಟಿಯನ್ನು ಒಮ್ಮೆ ಓದಬೇಕು. ನಮಗೆ ಅರ್ಧ ಪಾಠ ಆಗಲೇ ಬಂದಿದೆ!

ಗಂಜಾಂ: ಲಾಭದ ಪುಟ, ನಷ್ಟದ ಪುಟ

ರಾಜಧಾನಿ ಬೆಳೆದಂತೆ ಟಿಪ್ಪು ದ್ವೀಪದ ಪೂರ್ವ ಭಾಗದಲ್ಲಿ ಶಹರ್ ಗಂಜಾಂ ಎಂಬ ಹೊಸ ಪೇಟೆ ಕಟ್ಟಿಸಿದರು. 'ಗಂಜ್' ಎಂದರೆ ಪೇಟೆ, ದಾಸ್ತಾನಿನ ಜಾಗ. ಅದನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ತರಲಾಯಿತೆಂದು ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ.

ಶಿರಾ ಸಣ್ಣ ಊರಾಗಿರಲಿಲ್ಲ. 1687ರಿಂದ ಅದು ಮೊಗಲರ ಸುಬಾದ ರಾಜಧಾನಿ. ಹೈದರ್ ಅಲಿಯವರು ಮೊದಲು ಪಡೆದ ದೊಡ್ಡ ಬಿರುದೇ 'ಶಿರಾದ ನವಾಬ'. ನಮ್ಮ ನಾನಿಯ ತವರು ಶಿರಾ. ಅಲ್ಲಿಗೆ ಹೋದಾಗಲೆಲ್ಲ ಇಷ್ಟು ದೊಡ್ಡ ಜಾಮಿಯಾ ಮಸೀದಿ, ಇಷ್ಟು ಹಳೆಯ ಕೋಟೆ ಇರುವ ಊರು ಏಕೆ ಇಷ್ಟು ಚಿಕ್ಕದಾಗಿದೆ ಎಂದು ಕೇಳುತ್ತಿದ್ದೆ. ಉತ್ತರದ ಒಂದು ಭಾಗ ಗಂಜಾಮಿನಲ್ಲಿದೆ. ಗಂಜಾಮಿನ ಲಾಭದ ಪುಟದಲ್ಲಿ ಬರೆದ ಪ್ರತಿಯೊಂದು ಮನೆಯನ್ನೂ ಶಿರಾದ ನಷ್ಟದ ಪುಟದಲ್ಲಿ ಬರೆಯಬೇಕು.

ಇದಕ್ಕಿಂತ ಕಹಿಯಾದ ಪುಟಗಳೂ ಇವೆ. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು, ನಂತರ ಕೊಡಗಿನ ಜನರನ್ನು ಸೆರೆಹಿಡಿದು ಇಲ್ಲಿಗೆ ತಂದರು. ದಾರಿಯಲ್ಲಿ, ಸೆರೆಯಲ್ಲಿ ಸತ್ತವರಿದ್ದಾರೆ. ಬಲವಂತವಾಗಿ ಮತ ಬದಲಿಸಬೇಕಾಗಿ ಬಂದವರಿದ್ದಾರೆ. ಟಿಪ್ಪು ಬ್ರಿಟಿಷರ ವಿರುದ್ಧ ಹೋರಾಡಿ ಮಡಿದರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೂಬೇಕು. ಅರಮನೆಯ ಹತ್ತಿರದಲ್ಲೇ ರಂಗನಾಥನ ಪೂಜೆ ಅವರ ಕಾಲದಲ್ಲೂ ನಿಲ್ಲಲಿಲ್ಲ, ಅದೂ ನಿಜ. ಆದರೆ ಮಂಗಳೂರಿನ ಅಥವಾ ಮಡಿಕೇರಿಯ ಗೆಳೆಯ ತನ್ನ ಮನೆಯಲ್ಲಿ ಬೇರೆ ಕಥೆ ಕೇಳಿ ಬೆಳೆದಿದ್ದರೆ, ಅದನ್ನು ಸುಳ್ಳು ಎಂದು ಬಾಯಿ ಮುಚ್ಚಿಸುವುದು ಸರಿಯಲ್ಲ. ಒಂದೇ ಬದಿ ಬರೆದ ಲೆಕ್ಕ ಎಂದೂ ತಾಳೆಯಾಗುವುದಿಲ್ಲ.

1799ರ ನಂತರ

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದರು, ಪಟ್ಟಣ ಲೂಟಿಯಾಯಿತು. ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿ ತಾನೇ ಇಟ್ಟುಕೊಂಡಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು, ರಾಜಧಾನಿ ಅಲ್ಲಿಗೆ ಹೋಯಿತು. ಟಿಪ್ಪುವಿನ ಅಧಿಕಾರಿಯಾಗಿದ್ದ ಪೂರ್ಣಯ್ಯನವರೇ ಹೊಸ ದಿವಾನರಾದರು. 1804ರಲ್ಲಿ ಅವರು ಕಾವೇರಿಗೆ ಕಟ್ಟಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆ ಇಂದಿಗೂ ನಿಂತಿದೆ. 1812ರಲ್ಲಿ ಅವರು ತೀರಿಕೊಂಡದ್ದು ಈ ದ್ವೀಪದಲ್ಲೇ.

1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್, ಟಿಪ್ಪು ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕೆಂದು ಅಂದಾಜಿಸಿದ. ಅವನು ಬಂದಾಗ ಉಳಿದಿದ್ದವರು ಸೈನಿಕರನ್ನು ಬಿಟ್ಟು 31,895. ಒಂದೇ ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಇಲ್ಲ! ಅವರೆಲ್ಲ ಯುದ್ಧದಲ್ಲಿ ಸಾಯಲಿಲ್ಲ. ಅರಮನೆ, ಸೈನ್ಯ, ಕಚೇರಿ ಹೋದ ಮೇಲೆ ಸಂಬಳ ನಿಂತಿತು. ಸಂಬಳ ನಿಂತಾಗ ಪೇಟೆ ನಿಂತಿತು. ಪೇಟೆ ನಿಂತಾಗ ನೇಕಾರ, ಬಡಗಿ, ಕಮ್ಮಾರ, ಗುಮಾಸ್ತ ಎಲ್ಲರೂ ಎದ್ದು ಹೊರಟರು.

ಉಳಿದಿದ್ದ ಬ್ರಿಟಿಷ್ ಸೈನ್ಯಕ್ಕೆ ಮಲೇರಿಯಾ ಜ್ವರ ಹಿಡಿಯಿತು. 1809ರಲ್ಲಿ ಅವರು ಹಲಸೂರಿನ ಬಳಿ ಹೊಸ ದಂಡು ಕಟ್ಟಿಕೊಂಡರು. ಸೈನ್ಯದ ಹಿಂದೆ ವ್ಯಾಪಾರಿಗಳು, ದರ್ಜಿಗಳು, ಕಸಾಯಿಗಳು, ಗುತ್ತಿಗೆದಾರರು ಬಂದರು. ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಮಾತನಾಡುವ ಒಂದು ಊರು ಬೆಂಗಳೂರು ಪೇಟೆಯ ಪಕ್ಕದಲ್ಲೇ ಬೆಳೆಯಿತು. ಶ್ರೀರಂಗಪಟ್ಟಣ ಕಂಪನಿಯದೇ ಆಗಿ ಉಳಿಯಿತು; ಮೈಸೂರು ಸರ್ಕಾರ ಅದಕ್ಕೆ ವರ್ಷಕ್ಕೆ 50,000 ರೂಪಾಯಿ ಬಾಡಿಗೆ ಕಟ್ಟುತ್ತಿತ್ತು. 1881ರ ಅದಲು ಬದಲಿನಿಂದ ಆ ಬಾಡಿಗೆ ಮುಗಿಯಿತು. ದಂಡು ಮೈಸೂರಿಗೆ ಮರಳಿದ್ದು 1947ರಲ್ಲಿ, ಬೆಂಗಳೂರು ಪೇಟೆಯೊಂದಿಗೆ ಒಂದೇ ಪಾಲಿಕೆಯಾದದ್ದು 1949ರಲ್ಲಿ. ಶ್ರೀರಂಗಪಟ್ಟಣ 1939ರಲ್ಲಿ ಹೊಸ ಮಂಡ್ಯ ಜಿಲ್ಲೆಗೆ ಸೇರಿತು. ಅಂದಿನ ರಾಜಧಾನಿ ಈಗ ಒಂದು ತಾಲ್ಲೂಕು ಕೇಂದ್ರ. 2001ರ ಜನಗಣತಿಯಲ್ಲೂ ಪಟ್ಟಣದ ಜನಸಂಖ್ಯೆ ಸುಮಾರು 23 ಸಾವಿರ. ಬುಕನನ್ ಎಣಿಸಿದ್ದಕ್ಕಿಂತ ಕಡಿಮೆ.

ನಾವು ಕಲಿಯುವುದೇನು?

ಊರು ದೊಡ್ಡದಾಗುವುದು ಕಲ್ಲಿನ ಗೋಡೆಯಿಂದಲ್ಲ, ಅಲ್ಲಿ ನಡೆಯುವ ಕೆಲಸದಿಂದ. ಕೆಲಸ ಬೇರೆಡೆ ಹೋದರೆ ಊರೂ ಹಿಂದೆಯೇ ಹೋಗುತ್ತದೆ. ಇದು ನಮಗೆ ದೂರದ ಮಾತಲ್ಲ. ಬ್ಯಾಟರಾಯನಪುರಕ್ಕೆ ಪ್ರತ್ಯೇಕ ನಗರಸಭೆ ಇತ್ತು; 2007ರಲ್ಲಿ ಅದು ಬಿಬಿಎಂಪಿಗೆ ಸೇರಿತು. ತೆರಿಗೆ ಎಲ್ಲಿ ಕಟ್ಟಬೇಕು, ಚರಂಡಿಗೆ ಯಾರನ್ನು ಕೇಳಬೇಕು ಎಂಬುದು ಅಂದಿನಿಂದ ಬದಲಾಯಿತು. ಕಚೇರಿ ಎಲ್ಲಿ ಕೂರಬೇಕೆಂದು ತೀರ್ಮಾನಿಸುವಾಗ ಅಲ್ಲಿ ವಾಸಿಸುವವರನ್ನು ಕೇಳುವುದು ಕಡಿಮೆ. ಶಿರಾದ 12,000 ಕುಟುಂಬಗಳನ್ನೂ ಯಾರೂ ಕೇಳಿರಲಿಲ್ಲ.

ಮುಂದಿನ ಬಾರಿ ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದರೆ ಗುಂಬಜ್ ಮತ್ತು ದರಿಯಾ ದೌಲತ್ ನೋಡಿ, ಫೋಟೋ ತೆಗೆದು ಬಸ್ ಹತ್ತಬೇಡಿ. ಗಂಜಾಮಿನ ಬೀದಿಗಳಲ್ಲಿ ಅರ್ಧ ಗಂಟೆ ನಡೆಯಿರಿ. ಹಳೆಯ ಮನೆಯ ಹಿರಿಯರು ಸಿಕ್ಕರೆ, ನಿಮ್ಮ ಹಿರಿಯರು ಎಲ್ಲಿಂದ ಬಂದವರು ಎಂದು ಗೌರವದಿಂದ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಹಾಗೆಯೇ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಈ ಮೂರು ಪ್ರಶ್ನೆ ಕೇಳಿ ನೋಡಿ:

1. ನಮ್ಮ ಕುಟುಂಬ ಈ ಬಡಾವಣೆಗೆ ಯಾವ ವರ್ಷ, ಯಾವ ಊರಿನಿಂದ ಬಂತು?
2. ಬಂದದ್ದು ಯಾವ ಕೆಲಸಕ್ಕಾಗಿ?
3. ಬಿಟ್ಟುಬಂದ ಊರಿನಲ್ಲಿ ಈಗ ಯಾರಿದ್ದಾರೆ?