ಹಬ್ಬದ ಫೋಟೊ ಕಾರ್ಡು: ಅಂಗಡಿಯಲ್ಲಿ ತಯಾರಿ ಹೀಗಿರಲಿ

ನವೆಂಬರ್ ಕೊನೆಯಾಯಿತೆಂದರೆ ಬೆಂಗಳೂರಿನ ಲಿಂಗರಾಜಪುರ, ಕಾಕ್ಸ್‌ಟೌನ್ ಕಡೆಯ ಮನೆಗಳ ಮುಂದೆ ನಕ್ಷತ್ರದ ದೀಪಗಳು ತೂಗತೊಡಗುತ್ತವೆ. ಬಡಾವಣೆಯ ಸ್ಟುಡಿಯೊ, ಜೆರಾಕ್ಸ್ ಅಂಗಡಿಗಳಿಗೆ ಜನ ಫೋನ್ ಹಿಡಿದು ಬರುವುದೂ ಆಗಲೇ: ‘ಈ ಫೋಟೊ ಹಾಕಿ ಕಾರ್ಡ್ ಮಾಡಿಕೊಡ್ತೀರಾ?’ 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದ ಕ್ರಿಸ್‌ಮಸ್ ಕಾರ್ಡಿನ ನಡುವೆಯೂ ಒಟ್ಟಿಗೆ ಕುಳಿತ ಕುಟುಂಬದ ಚಿತ್ರವೇ ಇತ್ತು. ಇಂದಿನ ಗಿರಾಕಿಗೆ ಅಲ್ಲಿ ತನ್ನ ಮನೆಯವರ ಮುಖ ಬೇಕು. ರೆಡಿಮೇಡ್ ಕಾರ್ಡು ಉಳಿದರೆ ನಷ್ಟ. ಫೋಟೊ ಕಾರ್ಡಾದರೆ ಆರ್ಡರ್ ಬಂದ ಮೇಲೆ ಮಾಡುವ ಕೆಲಸ, ಸಣ್ಣ ಅಂಗಡಿಗೆ ಹೇಳಿ ಮಾಡಿಸಿದಂತಿದೆ.

ಮೊದಲು ದಿನಾಂಕ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಚರ್ಚಿನಿಂದ ಮರಳುವ ಕುಟುಂಬಗಳ ಕಣ್ಣಿಗೆ ಬೀಳುವಂತೆ ಅಷ್ಟರಲ್ಲಿ ನಾಲ್ಕು ಮಾದರಿಗಳನ್ನು ಬೆಲೆ ಸಮೇತ ತೂಗುಹಾಕಿ. ಮಾದರಿಗೆ ನಿಮ್ಮ ಮನೆಯ ಫೋಟೊ ಬಳಸಿ. ಗಿರಾಕಿಗಳದ್ದಾದರೆ ಅವರನ್ನು ಕೇಳಿಯೇ ಹಾಕಬೇಕು.

ಅಳತೆಯಲ್ಲೊಂದು ಉಳಿತಾಯವಿದೆ. ಕಟಿಂಗ್ ಆದ ಕಾರ್ಡು 3¾×5¾ ಇಂಚು ಇರಲಿ. ಸುತ್ತ 3 ಮಿ.ಮೀ. ಹೆಚ್ಚುವರಿ ಬಿಟ್ಟರೂ 12×18 ಇಂಚಿನ ಮುದ್ರಣ ಜಾಗದಲ್ಲಿ ಒಂಬತ್ತು ಕೂರುತ್ತವೆ. ಹಾಗಾಗಿ 18, 27, 36ರ ಲೆಕ್ಕದಲ್ಲೇ ಮಾರಿ. 300 ಜಿಎಸ್‌ಎಂ ಮ್ಯಾಟ್ ಬೋರ್ಡಿನ ಇಂಥ ಕಾರ್ಡು 5 ಗ್ರಾಂ ಕೂಡ ತೂಗುವುದಿಲ್ಲ. ತೆಳು ಲಕೋಟೆಯೊಂದಿಗೆ ಅಂಚೆಯ 20 ಗ್ರಾಂ ಮಿತಿಯೊಳಗೇ ಇರುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಫೋಟೊ ಪಡೆಯುವಾಗಲೇ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹೆಚ್ಚುವರಿ ಅಂಚೂ ಸೇರಿ ಕಾರ್ಡು ಸುಮಾರು 4×6 ಇಂಚಾಗುತ್ತದೆ, ಅದಕ್ಕೆ 1200×1800 ಪಿಕ್ಸೆಲ್ ಇದ್ದರೆ ಸಾಕು. ಆಕಾರವನ್ನೂ ನೋಡಿ: ಬಹುತೇಕ ಫೋನ್‌ಗಳ ಫೋಟೊ 4:3. ಅದನ್ನು 6 ಇಂಚು ಅಗಲಕ್ಕೆ ಹಿಗ್ಗಿಸಿದರೆ ಎತ್ತರ ನಾಲ್ಕೂವರೆ ಇಂಚಾಗುತ್ತದೆ, ಅರ್ಧ ಇಂಚು ಕತ್ತರಿಸಲೇಬೇಕು. ಒಂದು ವರ್ಷ ನಮ್ಮ ಮನೆಯ ಕಾರ್ಡಿನಲ್ಲಿ ಹಿಂದೆ ನಿಂತಿದ್ದ ಅಪ್ಪನ ನೆತ್ತಿ ಹಾಗೇ ಹಾರಿಹೋಯಿತು. ಐವತ್ತು ಕಾರ್ಡು ಅಚ್ಚಾಗಿದ್ದವು. ಅಮ್ಮ ಒಂದನ್ನೂ ಯಾರಿಗೂ ಕಳಿಸಲಿಲ್ಲ. ತಲೆಯ ಮೇಲೆ ಜಾಗವಿಲ್ಲದಿದ್ದರೆ ಬೇರೆ ಫೋಟೊ ಕೇಳಿ, ಇಲ್ಲವೇ ಪಕ್ಕದಲ್ಲಿ ಬಣ್ಣದ ಪಟ್ಟಿ ಬಿಟ್ಟು ಅಲ್ಲಿ ಶುಭಾಶಯ ಬರೆಯಿರಿ.

ಕನ್ನಡದ ಶುಭಾಶಯವನ್ನು ಕೇಳಿದವರಿಗೆ ದಯವಿಟ್ಟು ಇಲ್ಲವೆನ್ನಬೇಡಿ. ‘ಕ್ರಿಸ್ತ’ ಎಂದು ಟೈಪಿಸಿದರೆ ‘ಕ್‌ರಿಸ್‌ತ’ ಎಂದು ಒಡೆದು ಬರುತ್ತದೆಂದು ಹಲವರು ಕೈಬಿಡುತ್ತಾರೆ. ಫೋಟೊಶಾಪ್‌ನ ಹಳೆಯ ಆವೃತ್ತಿಯಲ್ಲಾದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ, ಹೊಸ ಫೈಲ್ ತೆರೆದು ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿ. ಒತ್ತಕ್ಷರ ಸರಿಯಾಗಿ ಕೂರುತ್ತದೆ. ತಮಿಳು, ಮಲಯಾಳ ಕೇಳುವವರಿಗೂ ಇದೇ ದಾರಿ.

ಅಚ್ಚಿಗೆ ಮೊದಲು ಒಂದು ಪ್ರೂಫ್ ತೆಗೆದು ಗಿರಾಕಿಯ ಕೈಗೆ ಕೊಡಿ. ಮನೆಮಂದಿಯ ಹೆಸರುಗಳನ್ನು ಅವರೇ ಗಟ್ಟಿಯಾಗಿ ಓದಲಿ, ಸಹಿ ಹಾಕಲಿ, ಅರ್ಧ ಹಣ ಮುಂಗಡ ಕೊಡಲಿ. ವಿದೇಶದ ನೆಂಟರಿಗೆ ಕಳಿಸುವವರ ಆರ್ಡರನ್ನು ಮೊದಲು ಮುಗಿಸಿ.

ಕ್ರಿಸ್‌ಮಸ್ ಕಳೆದ ಕೂಡಲೇ ಫೈಲುಗಳನ್ನು ಅಳಿಸಬೇಡಿ. ಸಾಲನ್ನು ‘ಹೊಸ ವರ್ಷದ ಶುಭಾಶಯ’ ಎಂದು ಬದಲಿಸಿ ಇನ್ನೊಂಬತ್ತು ಬೇಕೆಂದು 28, 29ರ ಹೊತ್ತಿಗೆ ಅದೇ ಗಿರಾಕಿ ಬರುವುದುಂಟು.